ನಮ್ಮ ಅರಿವಿ ನಾವೇ ಒಗೆಯೋಣ



ಏಳನೆಯ ತರಗತಿ ಮುಗಿದ ಮೇಲೆ ನಮ್ಮಲ್ಲಿ ಕೆಲವರು ಹಾಸ್ಟೆಲಿಗೆ ಹೋಗುತ್ತಾರೆ. ಹತ್ತನೆಯದು ಮುಗಿದ ಮೇಲೆ ಕಾಲೇಜಿಗೆ ಅಂತ ಯಲಬುರ್ಗಾ, ಕುಕನೂರು, ಕೊಪ್ಪಳ, ಗದಗ, ಧಾರವಾಡಕ್ಕೆ ಹೋಗುವವರು ಇನ್ನೂ ಹೆಚ್ಚು. ಕೊಪ್ಪಳದ ಗವಿಮಠದ ಹಾಸ್ಟೆಲಿನಲ್ಲಿಯೇ ಸಾವಿರಾರು ಮಕ್ಕಳು ಇದ್ದು ಕಲಿಯುತ್ತಾರೆ. ಹಾಸ್ಟೆಲಿನಲ್ಲಿ ಊಟ ಸಿಗುತ್ತದೆ, ಮಲಗಲು ಜಾಗ ಸಿಗುತ್ತದೆ. ಆದರೆ ಅರಿವಿ ಒಗೆದು ಕೊಡಲು ಅವ್ವ ಸಿಗುವುದಿಲ್ಲ.

ನನ್ನ ಅಣ್ಣ ಪಿ.ಯು.ಸಿ.ಗೆ ಕೊಪ್ಪಳಕ್ಕೆ ಹೋದಾಗ ಪ್ರತಿ ಶನಿವಾರ ಒಂದು ಚೀಲ ಹೊಲಸು ಅರಿವಿ ಬಸ್ಸಿನಾಗ ಹೊತ್ಕೊಂಡು ಬರ್ತಿದ್ದ. ಅವ್ವ ವಾರಪೂರ್ತಿ ಹೊಲದಾಗ ಕಳೆ ತೆಗೆದು, ರವಿವಾರ ಅವನ ಅರಿವಿ ಒಗೀತಿದ್ಳು. ಮಳೆಗಾಲದಲ್ಲಿ ಅರಿವಿ ಒಣಗದೆ ಹಸಿಯಾಗಿಯೇ ಹಾಕ್ಕೊಂಡು ಅವನಿಗೆ ಗಜಕರ್ಣ ಆಯಿತು. ಎಂಟು ದಿನ ಕಾಲೇಜು ತಪ್ಪಿತು, ಔಷಧಕ್ಕೂ ರೊಕ್ಕ ಹೋಯಿತು. ಡಾಕ್ಟರು, “ಮುಲಾಮು ಹಚ್ಚಿದ್ರ ಸಾಲದು, ಒಗೆದು ಒಣಗಿಸಿದ ಅರಿವಿ ಹಾಕ್ಕೋಬೇಕು” ಎಂದರು. ಆಮೇಲೆ ಅವನು ಒಗೆಯುವುದನ್ನು ಕಲಿತ. ಅವನಿಂದಲೂ ಅವ್ವನಿಂದಲೂ ಕೇಳಿ ತಿಳಿದದ್ದನ್ನು, ಗುರುಗಳಿಂದ ತಿಳಿದ ವಿಜ್ಞಾನವನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಹೊಲಸು ಹೇಗೆ ಹೋಗುತ್ತದೆ?

ಬರೀ ನೀರಿನಲ್ಲಿ ಅದ್ದಿದರೆ ಧೂಳು ಹೋಗುತ್ತದೆ, ಜಿಡ್ಡು ಹೋಗುವುದಿಲ್ಲ. ಎಣ್ಣೆ ಮತ್ತು ನೀರು ಒಂದಕ್ಕೊಂದು ಕೂಡುವುದಿಲ್ಲ. ನಮ್ಮ ಬೆವರಿನ ಜೊತೆಗೆ ಮೈಯ ಜಿಡ್ಡು ಅರಿವಿಗೆ ಹತ್ತುತ್ತದೆ, ಆ ಜಿಡ್ಡಿಗೆ ಧೂಳು ಅಂಟುತ್ತದೆ. ಸಾಬೂನಿನ ಒಂದೊಂದು ಕಣಕ್ಕೂ ಎರಡು ತುದಿ ಇವೆ. ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು ಹಿಡಿಯುತ್ತದೆ. ನಾವು ತಿಕ್ಕಿದಾಗ ಜಿಡ್ಡು ಸಣ್ಣ ಸಣ್ಣ ಹನಿಯಾಗಿ ಅರಿವಿ ಬಿಟ್ಟು ನೀರಿಗೆ ಬರುತ್ತದೆ. ಅದಕ್ಕೇ ಸಾಬೂನು ಹಚ್ಚಿ ತಿಕ್ಕಬೇಕು, ಆಮೇಲೆ ನೀರಿನಲ್ಲಿ ಜಾಲಿಸಬೇಕು. ಸಾಬೂನು ಬರುವ ಮೊದಲು ನಮ್ಮ ಹಿರಿಯರು ಅಂಟುವಾಳ ಕಾಯಿ, ಸವಳು ಮಣ್ಣು ಬಳಸುತ್ತಿದ್ದರು. ಅಂಟುವಾಳ ಕಾಯಿಯ ನೊರೆಯೂ ಇದೇ ಕೆಲಸ ಮಾಡುತ್ತದೆ.

ನಮ್ಮ ಬೋರಿನ ನೀರಿನ ತೊಂದರೆ

ನಮ್ಮ ಕಡೆ ಬೋರಿನ ನೀರಿನಲ್ಲಿ ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ ಎಂದು ಅವ್ವಂದಿರು ಬೈಯುತ್ತಾರೆ. ಇದಕ್ಕೆ ಗಡಸು ನೀರು ಎನ್ನುತ್ತಾರೆ. ನೆಲದ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳು ಆ ನೀರಿನಲ್ಲಿ ಕರಗಿರುತ್ತವೆ. ಸಾಬೂನು ಜಿಡ್ಡನ್ನು ಹಿಡಿಯುವ ಬದಲು ಮೊದಲು ಈ ಲವಣಗಳ ಜೊತೆ ಕೂಡಿ ಒಡೆದ ಹಾಲಿನಂಥ ಬಿಳಿ ಗಷ್ಟು ಆಗುತ್ತದೆ. ಅದು ಅರಿವಿಗೆ ಕುಳಿತರೆ ಬಿಳಿ ಅಂಗಿ ಮಾಸಲು ಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರು ಕಟ್ಟುವುದೂ ಇಂಥ ಲವಣದಿಂದಲೇ.

ಇದನ್ನು ಪರೀಕ್ಷೆ ಮಾಡಿ ನೋಡಬಹುದು. ಎರಡು ಬಾಟಲಿ ತೆಗೆದುಕೊಳ್ಳಿರಿ. ಒಂದರಲ್ಲಿ ಮಳೆ ನೀರು, ಇನ್ನೊಂದರಲ್ಲಿ ಬೋರಿನ ನೀರು ಸಮನಾಗಿ ಹಾಕಿರಿ. ಎರಡಕ್ಕೂ ಒಂದೇ ಅಳತೆಯ ಮೈ ಸಾಬೂನಿನ ಚೂರು ಹಾಕಿ ಜೋರಾಗಿ ಅಲುಗಾಡಿಸಿರಿ. ಯಾವುದರಲ್ಲಿ ನೊರೆ ಹೆಚ್ಚು ನಿಲ್ಲುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ಉಪಾಯ ಏನು? ಬಕೀಟು ನೀರಿಗೆ ಸ್ವಲ್ಪ ಒಗೆಯುವ ಸೋಡಾ ಹಾಕಿದರೆ ಕ್ಯಾಲ್ಸಿಯಂ ಬೇರೆಯಾಗುತ್ತದೆ, ಸಾಬೂನು ಉಳಿಯುತ್ತದೆ. ಇದು ಅಡುಗೆ ಸೋಡಾ ಅಲ್ಲ. ಕೈಗೆ ಉರಿ ಆಗುವುದರಿಂದ ಬಹಳ ಹಾಕಬಾರದು. ಡಿಟರ್ಜೆಂಟ್ ಪುಡಿ ಗಡಸು ನೀರಿನಲ್ಲಿಯೂ ಅಂಥ ಗಷ್ಟು ಕಟ್ಟುವುದಿಲ್ಲ. ಮಳೆ ಬಂದ ದಿನ ತಗಡಿನ ನೀರು ಹಿಡಿದಿಟ್ಟು ಬಿಳಿ ಅರಿವಿಗೆ ಬಳಸಿದರೆ ಎಲ್ಲಕ್ಕಿಂತ ಚಲೋ.

ಒಗೆಯುವ ಕ್ರಮ

1. ಮೊದಲು ಕಿಸೆ ನೋಡಿರಿ. ಪೆನ್ನು, ಚೀಟಿ, ರೊಕ್ಕ ಇದ್ದರೆ ತೆಗೆಯಿರಿ.
2. ಬಿಳಿ, ಬಣ್ಣದ ಅರಿವಿ ಬೇರೆ ಬೇರೆ ಮಾಡಿರಿ. ಹೊಸ ಬಣ್ಣದ ಅರಿವಿಯನ್ನು ಎರಡು ಮೂರು ಸಲ ಒಂಟಿಯಾಗಿಯೇ ಒಗೆಯಿರಿ. ಅಣ್ಣನ ಬಿಳಿ ಅಂಗಿ ಹೊಸ ಕೆಂಪು ಟಾವೆಲಿನ ಜೊತೆ ನೆನೆದು ಗುಲಾಬಿ ಆಗಿತ್ತು.
3. ಅರ್ಧ ಬಕೀಟು ನೀರಿಗೆ ಪುಡಿ ಹಾಕಿ, ಕೈಯಿಂದ ಕಲಿಸಿ, ಅರ್ಧ ತಾಸು ನೆನೆ ಹಾಕಿರಿ. ರಾತ್ರಿಯೆಲ್ಲಾ ನೆನೆ ಹಾಕಿದರೆ ಬಣ್ಣ ಬಿಡುತ್ತದೆ, ವಾಸನೆಯೂ ಬರುತ್ತದೆ.
4. ಕೊರಳಪಟ್ಟಿ, ತೋಳಿನ ತುದಿ, ಕಂಕುಳು, ಇವಕ್ಕೆ ಸಾಬೂನು ಹಚ್ಚಿ ತಿಕ್ಕಿರಿ. ಅಂಗಿಯೆಲ್ಲಾ ಬ್ರಷ್ ಹಚ್ಚಿ ತಿಕ್ಕಿದರೆ ನೂಲು ಸವೆಯುತ್ತದೆ. ಕಲ್ಲಿಗೆ ಬಹಳ ಕುಕ್ಕಿದರೆ ಗುಂಡಿ ಒಡೆಯುತ್ತವೆ.
5. ಹಿಂಡಿ, ಎರಡು ಸಲ ಬೇರೆ ನೀರಿನಲ್ಲಿ ಜಾಲಿಸಿರಿ. ಸಾಬೂನು ಉಳಿದರೆ ಮೈ ತುರಿಸುತ್ತದೆ.

ನಳ ಬಿಟ್ಟುಕೊಂಡು ಒಗೆಯಬಾರದು. ಬಕೀಟಿನಲ್ಲಿ ಒಗೆದರೆ ಎರಡು ಜೊತೆ ಅರಿವಿಗೆ ಮೂರು ಬಕೀಟು ನೀರು ಸಾಕು. ಕೊನೆಗೆ ಜಾಲಿಸಿದ ನೀರನ್ನು ಬಚ್ಚಲು, ಪಾಯಖಾನೆ ತೊಳೆಯಲು ಬಳಸಬಹುದು. ಬೇಸಿಗೆಯಲ್ಲಿ ಒಂದು ಕೊಡಕ್ಕೆ ಪಾಳಿ ಹಚ್ಚಿ ನಿಲ್ಲುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲೆಗಳು

ಎರೆಮಣ್ಣಿನ ರಾಡಿ ಹತ್ತಿದರೆ ಹಸಿಯಿದ್ದಾಗ ತಿಕ್ಕಬಾರದು, ಒಳಗೆ ಇಳಿಯುತ್ತದೆ. ಒಣಗಲು ಬಿಟ್ಟು, ಝಾಡಿಸಿ, ಆಮೇಲೆ ಒಗೆಯಬೇಕು. ರಕ್ತದ ಕಲೆಗೆ ತಣ್ಣೀರೇ ಬೇಕು. ಬಿಸಿನೀರು ಹಾಕಿದರೆ ರಕ್ತ ಹೆಪ್ಪುಗಟ್ಟಿ ಕಲೆ ಗಟ್ಟಿಯಾಗುತ್ತದೆ. ಪಲ್ಯದ ಅರಿಷಿಣ ಹತ್ತಿದ ಕಡೆ ಸಾಬೂನು ಹಚ್ಚಿದ ಕೂಡಲೇ ಕುಂಕುಮದಂತೆ ಕೆಂಪಾಗುತ್ತದೆ. ಅಂಜಬೇಡಿರಿ. ಸಾಬೂನು ಪ್ರತ್ಯಾಮ್ಲವಾದ್ದರಿಂದ ಹಾಗಾಗುತ್ತದೆ. ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿ ಆಗುತ್ತದೆ, ಬಿಸಿಲಿಗೆ ಹಾಕಿದರೆ ಆ ಹಳದಿಯೂ ಮಾಸುತ್ತದೆ.

ಒಣಗಿಸುವುದು

ಬಣ್ಣದ ಅರಿವಿಯನ್ನು ಒಳಗು ಹೊರಗು ಮಾಡಿ ನೆರಳಿನಲ್ಲಿ ಹಾಕಬೇಕು. ಬಿಳಿ ಅರಿವಿ, ಹಾಸಿಗೆ, ಟಾವೆಲ್, ಒಳ ಅರಿವಿ ಇವು ಬಿಸಿಲಿನಲ್ಲಿಯೇ ಒಣಗಬೇಕು. ನಾಚಿಕೆ ಅಂತ ಒಳ ಅರಿವಿಯನ್ನು ಕತ್ತಲ ಮೂಲೆಯಲ್ಲಿ, ಇನ್ನೊಂದು ಅರಿವಿಯ ಕೆಳಗೆ ಮುಚ್ಚಿ ಒಣಗಿಸುವವರು ಬಹಳ. ಹಸಿಯಾಗಿಯೇ ಉಳಿದರೆ ಬೂಸರು ಬೆಳೆದು ಮೈಗೆ ರೋಗ ಹತ್ತುತ್ತದೆ. ಒಬ್ಬರ ಟಾವೆಲ್ ಇನ್ನೊಬ್ಬರು ಬಳಸಿದರೆ ಕಜ್ಜಿ, ಗಜಕರ್ಣ ಹಬ್ಬುತ್ತವೆ. ಕಜ್ಜಿ ಆದವರ ಅರಿವಿ, ಹಾಸಿಗೆಯನ್ನು ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ನೆನೆಸಿ ಒಗೆಯಬೇಕು. ಇಸ್ತ್ರಿ ಇಲ್ಲದವರು ಚೆನ್ನಾಗಿ ಝಾಡಿಸಿ ಒಣಗಿಸಿ, ಮಡಿಚಿ ಹಾಸಿಗೆ ಕೆಳಗೆ ಇಡಲಿ. ತಂಬಿಗೆಯಲ್ಲಿ ಕೆಂಡ ಹಾಕಿ ತಿಕ್ಕುವುದು ಅಜ್ಜನ ಕಾಲದ ಇಸ್ತ್ರಿ.

ಇದು ಯಾರ ಕೆಲಸ?

“ಅರಿವಿ ಒಗಿಯೋದು ಹೆಣ್ಮಕ್ಕಳ ಕೆಲಸ” ಎಂದು ನಮ್ಮ ತರಗತಿಯ ಹುಡುಗರು ಅನ್ನುತ್ತಾರೆ. ಅವರಿಗೆ ಇಬ್ಬರ ಹೆಸರು ಹೇಳುತ್ತೇನೆ.

12ನೆಯ ಶತಮಾನದ ಮಡಿವಾಳ ಮಾಚಿದೇವರು ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯವರು. ಕಲ್ಯಾಣಕ್ಕೆ ಹೋಗಿ ಶರಣರ ಬಟ್ಟೆ ಒಗೆಯುವ ಕಾಯಕ ಮಾಡಿದರು, ವಚನಗಳನ್ನೂ ಬರೆದರು. ಅವರ ಕಾಯಕವನ್ನು ಯಾವ ಶರಣರೂ ಕೀಳು ಎನ್ನಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮಡಿವಾಳರು ಊರಿನವರ ಅರಿವಿ ಒಗೆದು ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದರು. ಅವರ ಬೆನ್ನು ಎಷ್ಟು ನೋಯುತ್ತಿತ್ತು ಎಂಬುದು ಒಂದು ಹಾಸಿಗೆ ಒಗೆದು ಹಿಂಡಿದರೆ ತಿಳಿಯುತ್ತದೆ.

ಎರಡನೆಯವರು ಮಹಾತ್ಮಾ ಗಾಂಧೀಜಿ. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಅವರು ಅಲ್ಲಿ ಬ್ಯಾರಿಸ್ಟರ್ ಆಗಿದ್ದಾಗ ದೋಬಿಯ ಖರ್ಚು ಹೆಚ್ಚಾಯಿತೆಂದು, ಒಗೆಯುವ ಬಗ್ಗೆ ಪುಸ್ತಕ ಕೊಂಡು ಓದಿ ಕಲಿತರು. ಕಸ್ತೂರಬಾ ಅವರಿಗೂ ಕಲಿಸಿದರು. ಮೊದಲ ಸಲ ಕಾಲರಿಗೆ ಗಂಜಿ ಹೆಚ್ಚಾಗಿ, ಇಸ್ತ್ರಿ ಸರಿಯಾಗಿ ಕಾಯದೆ, ಕೋರ್ಟಿನಲ್ಲಿ ಆ ಗಂಜಿ ಉದುರತೊಡಗಿತು. ಉಳಿದ ಬ್ಯಾರಿಸ್ಟರುಗಳು ನಕ್ಕರು. ಗಾಂಧೀಜಿ ನಾಚಲಿಲ್ಲ, ಬಿಡಲೂ ಇಲ್ಲ. ಕಲಿತಾದ ಮೇಲೆ ಗೋಪಾಲಕೃಷ್ಣ ಗೋಖಲೆಯವರ ಉತ್ತರೀಯಕ್ಕೆ ತಾವೇ ಇಸ್ತ್ರಿ ಮಾಡಿ ಕೊಟ್ಟರು.

ಆದ್ದರಿಂದ ಗೆಳೆಯರೇ, ಹಾಸ್ಟೆಲಿಗೆ ಹೋದ ಮೇಲೆ ಕಲಿಯೋಣ ಎಂದು ಕೂಡಬೇಡಿರಿ. ಈ ರವಿವಾರವೇ ನಿಮ್ಮ ಒಂದು ಜೊತೆ ಸಮವಸ್ತ್ರ ನೀವೇ ಒಗೆಯಿರಿ. ಮೊದಲಿಗೆ ಕೊರಳಪಟ್ಟಿಯ ಹೊಲಸು ಪೂರಾ ಹೋಗಲಿಕ್ಕಿಲ್ಲ, ನಾಲ್ಕನೆಯ ವಾರಕ್ಕೆ ಹೋಗುತ್ತದೆ. ಅಷ್ಟು ಹೊತ್ತು ಅವ್ವ ಕಟ್ಟೆಯ ಮೇಲೆ ಕುಂತು ಚಹಾ ಕುಡಿಯಲಿ.

— 7ನೆಯ ತರಗತಿಯ ವಿದ್ಯಾರ್ಥಿನಿ, ಬೇವೂರು