ಕರೆಯದೆ ಬರುವ ಕಾಗದಗಳು

ನಮ್ಮ ಹಿರಿಯರಿಗೆ ‘ಬೇರಿಂಗ್ ಕಾಗದ’ವೆಂದರೆ ಏನೆಂಬುದು ಚೆನ್ನಾಗಿ ಗೊತ್ತು. ಅಂಚೆಚೀಟಿ ಹಚ್ಚದೆ ಡಬ್ಬಿಗೆ ಹಾಕಿದ ಕಾಗದವೂ ಊರು ಸೇರುವುದೇನೋ ಸೇರುತ್ತಿತ್ತು; ಆದರೆ ಅಂಚೆಯವನು ಬಾಗಿಲಲ್ಲಿ ನಿಂತು ಎರಡರಷ್ಟು ಹಣ ಕೇಳುತ್ತಿದ್ದ. ಬರೆದವನು ಹಾಯಾಗಿರುತ್ತಿದ್ದ, ಪಡೆದವನು ದಂಡ ತೆರುತ್ತಿದ್ದ. ಇಂದು ನಮ್ಮ ಇ-ಮೇಲ್ ಪೆಟ್ಟಿಗೆಯಲ್ಲಿ ಬೆಳಗಾದರೆ ಬಂದು ಬೀಳುವ ಬೇಡದ ಪತ್ರಗಳ ಸಮಸ್ಯೆಯೂ, ಒಂದು ಮಾತಿನಲ್ಲಿ ಹೇಳುವುದಾದರೆ, ಈ ಬೇರಿಂಗ್ ಕಾಗದದ ಸಮಸ್ಯೆಯೇ ಆಗಿದೆ.

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಪತ್ರದ ಹಣವನ್ನು ಬಹುಮಟ್ಟಿಗೆ ಪಡೆಯುವವನೇ ಕೊಡುವುದು ವಾಡಿಕೆಯಾಗಿತ್ತು. ರೋಲಂಡ್ ಹಿಲ್ ಎಂಬಾತನ ಸುಧಾರಣೆಯಿಂದ 1840ರಲ್ಲಿ ಅಂಚೆಚೀಟಿ ಬಂದು, ಕಳುಹಿಸುವವನೇ ಮುಂಗಡವಾಗಿ ಹಣ ತೆರುವ ಪದ್ಧತಿ ನೆಲೆಗೊಂಡಿತು. ನಮ್ಮ ದೇಶದಲ್ಲಿ 1854ರಲ್ಲಿ ಅರ್ಧ ಆಣೆಯ ಅಂಚೆಚೀಟಿಯೂ 1879ರಲ್ಲಿ ಕಾಲಾಣೆಯ ಕಾರ್ಡೂ ಬಂದವು. ಕಾಲಾಣೆ ದೊಡ್ಡ ಮೊತ್ತವಲ್ಲ. ಆದರೂ ಅದು ಬರೆಯುವವನ ಕೈಯನ್ನು ಒಂದು ಕ್ಷಣ ತಡೆದು ನಿಲ್ಲಿಸುತ್ತಿತ್ತು. ‘ಈ ಕಾಗದವನ್ನು ಹನ್ನೊಂದು ಮಂದಿಗೆ ಬರೆದು ಕಳುಹಿಸದಿದ್ದರೆ ಕೇಡು ತಪ್ಪದು’ ಎಂಬ ಕಾರ್ಡು ಬಂದಾಗಲೂ, ಹೆದರಿದವನು ಹನ್ನೊಂದು ಕಾರ್ಡು ಕೊಂಡು ಕೈ ನೋಯುವಂತೆ ಬರೆಯಬೇಕಾಗಿತ್ತು. ಮೂಢನಂಬಿಕೆಗೂ ಒಂದು ಖರ್ಚಿತ್ತು.

ಇ-ಮೇಲಿನಲ್ಲಿ ಈ ಖರ್ಚು ಇಲ್ಲವಾಯಿತು. ಅದನ್ನು ಸಾಗಿಸುವ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಎಂಬ ಅಮೆರಿಕದ ವಿಜ್ಞಾನಿ 1982ರಲ್ಲಿ ಬರೆದುಕೊಟ್ಟಾಗ, ಆ ಜಾಲದಲ್ಲಿದ್ದವರು ಬಹುತೇಕ ವಿದ್ವಾಂಸರು ಮತ್ತು ಸಂಶೋಧಕರು. ಪರಸ್ಪರ ನಂಬಿಕೆಯ ಮೇಲೆ ನಡೆಯುತ್ತಿದ್ದ ಸಣ್ಣ ಸಮಾಜ. ಆದುದರಿಂದ ‘ನಾನು ಇಂಥವನು’ ಎಂದು ಪತ್ರ ಹೇಳಿಕೊಂಡರೆ, ಅದು ನಿಜವೇ ಎಂದು ಕೇಳುವ ಏರ್ಪಾಡು ಆ ನಿಯಮಗಳಲ್ಲಿ ಇರಲಿಲ್ಲ. ಆದರೆ ಆ ನಂಬಿಕೆಗೆ ಮೊದಲ ಪೆಟ್ಟು ಅದಕ್ಕೂ ಮುಂಚೆಯೇ ಬಿದ್ದಿತ್ತು. 1978ರ ಮೇ ತಿಂಗಳಿನಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ ಗ್ಯಾರಿ ಥರ್ಕ್, ತನ್ನ ಸಂಸ್ಥೆಯ ಹೊಸ ಕಂಪ್ಯೂಟರುಗಳ ಜಾಹೀರಾತನ್ನು ಸುಮಾರು 400 ಮಂದಿಗೆ ಒಮ್ಮೆಲೇ ಕಳುಹಿಸಿದ. ಪಡೆದವರಲ್ಲಿ ಅನೇಕರು ಸಿಡುಕಿದರು. ಆದರೆ ದಾರಿಯಂತೂ ತೆರೆದುಹೋಯಿತು.

ಇಂಥ ಪತ್ರಗಳಿಗೆ ‘ಸ್ಪ್ಯಾಮ್’ ಎಂಬ ಹೆಸರು ಬಂದ ಕಥೆ ವಿನೋದವಾಗಿದೆ. ಅದು 1937ರಿಂದ ಅಮೆರಿಕದಲ್ಲಿ ಮಾರಾಟವಾಗುತ್ತಿರುವ ಡಬ್ಬಿ ಮಾಂಸದ ಹೆಸರು. 1970ರಲ್ಲಿ ಬಿ.ಬಿ.ಸಿ. ದೂರದರ್ಶನದ ‘ಮಾಂಟಿ ಪೈಥಾನ್’ ಹಾಸ್ಯಕಾರರು ಒಂದು ಪ್ರಹಸನ ಆಡಿದರು. ಅದರ ಹೋಟೆಲಿನಲ್ಲಿ ಯಾವ ತಿಂಡಿ ಕೇಳಿದರೂ ಸ್ಪ್ಯಾಮ್. ಪಕ್ಕದ ಮೇಜಿನವರು ‘ಸ್ಪ್ಯಾಮ್, ಸ್ಪ್ಯಾಮ್’ ಎಂದು ಹಾಡುವ ಗದ್ದಲದಲ್ಲಿ ಉಳಿದವರ ಮಾತೇ ಮುಳುಗಿಹೋಗುತ್ತದೆ. ಬೇಡದ ಪತ್ರದ ಸ್ವಭಾವವೂ ಇದೇ ಅಲ್ಲವೇ?

ಇಂಥ ಪತ್ರವನ್ನು ನಂಬಿ ಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ನಾವು ಕೇಳುತ್ತೇವೆ. ಕ್ಯಾಲಿಫೋರ್ನಿಯದ ಎರಡು ವಿಶ್ವವಿದ್ಯಾನಿಲಯಗಳ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಸ್ಪ್ಯಾಮ್ ಕಳುಹಿಸುತ್ತಿದ್ದ ಒಂದು ಜಾಲದೊಳಗೆ ಅವರು ನುಸುಳಿ, ತಾವೇ ಹೂಡಿದ ಒಂದು ಹುಸಿ ಔಷಧದಂಗಡಿಗೆ ಬರುವ ಗಿರಾಕಿಗಳನ್ನು ಎಣಿಸಿದರು. 26 ದಿನಗಳಲ್ಲಿ ಹೋದ ಪತ್ರಗಳು ಸುಮಾರು 35 ಕೋಟಿ. ಕೊಳ್ಳಲು ಮುಂದಾದ ಸಂದರ್ಭಗಳು 28. ಎಂದರೆ ಒಂದೂಕಾಲು ಕೋಟಿ ಪತ್ರಗಳಿಗೆ ಹತ್ತಿರ ಹತ್ತಿರ ಒಬ್ಬ ಗಿರಾಕಿ! ಕಾಲಾಣೆಯ ಕಾರ್ಡಿನಲ್ಲಿ ಈ ವ್ಯಾಪಾರ ಮಾಡಹೊರಟವನು ಒಂದೇ ದಿನದಲ್ಲಿ ದಿವಾಳಿಯಾಗುತ್ತಿದ್ದ. ಇಲ್ಲಿಯಾದರೋ, ಪತ್ರಗಳನ್ನು ಹೊತ್ತು ಸಾಗಿಸುವುದು ಬೇರೆಯವರ ಮನೆಯ ಕಂಪ್ಯೂಟರು. ಒಳಗೆ ಸೋಂಕು ಸೇರಿರುವುದು ಅದರ ಯಜಮಾನನಿಗೇ ತಿಳಿದಿರುವುದಿಲ್ಲ. ಬಿತ್ತನೆಗೆ ಖರ್ಚಿಲ್ಲದಿರುವಾಗ ಬಂಡೆಯ ಮೇಲೆ ಬೀಜ ಚೆಲ್ಲಿದರೂ ನಷ್ಟವಿಲ್ಲ.

ಆ ಒಂದು ಕೋಟಿಗೊಬ್ಬನನ್ನು ದಡ್ಡನೆಂದು ನಗುವುದು ತರವಲ್ಲ. ‘ನಿಮಗೆ ಬಹುಮಾನ ಬಂದಿದೆ, ಮೊದಲು ಶುಲ್ಕ ಕಟ್ಟಿ’ ಎಂಬ ಪತ್ರಕ್ಕೆ ಮರುಳಾಗುವವನು ಕೆಲಸ ಹುಡುಕಿ ಸೋತ ಹುಡುಗನಾಗಿರಬಹುದು. ಒಂಟಿಯಾಗಿರುವ ನಿವೃತ್ತ ಮೇಷ್ಟರಾಗಿರಬಹುದು. ಈ ವಿದ್ಯೆ ಹೊಸದೂ ಅಲ್ಲ. ಸೆರೆಯಲ್ಲಿರುವ ಸಿರಿವಂತನನ್ನು ಬಿಡಿಸಲು ಹಣ ಕಳುಹಿಸಿದರೆ ಪಾಲು ಕೊಡುವೆವೆಂಬ ‘ಸ್ಪೇನಿನ ಸೆರೆಯಾಳಿ’ನ ಕಾಗದಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಓಡಾಡುತ್ತಿದ್ದುವು.

ಇದಕ್ಕೆ ಪರಿಹಾರವಾಗಿ ಹುಟ್ಟಿದ್ದು ಜರಡಿ. ತಾಮಸ್ ಬೇಸ್ ಎಂಬ ಪಾದ್ರಿಯ ಸಂಭವನೀಯತೆಯ ಸೂತ್ರ ಆತನ ಮರಣಾನಂತರ 1763ರಲ್ಲಿ ಅಚ್ಚಾಯಿತು. ಅದನ್ನು ಆಧರಿಸಿದ ಜರಡಿಗೆ ಪಾಲ್ ಗ್ರಹಾಮ್ 2002ರ ಲೇಖನದಿಂದ ಪ್ರಚಾರ ಕೊಟ್ಟರು. ಒಳ್ಳೆಯ ಪತ್ರಗಳಲ್ಲಿ ಯಾವ ಪದ ಎಷ್ಟು ಸಲ ಬರುತ್ತದೆ, ಕೆಟ್ಟವುಗಳಲ್ಲಿ ಎಷ್ಟು ಸಲ ಎಂದು ಯಂತ್ರ ಲೆಕ್ಕವಿಟ್ಟು, ಹೊಸ ಪತ್ರ ಯಾವ ಗುಂಪಿಗೆ ಸೇರೀತೆಂದು ಊಹಿಸುತ್ತದೆ. ಕಳ್ಳರು ಕಾಗುಣಿತ ಕೆಡಿಸಿ ಬರೆದರು. ಮಾತನ್ನು ಚಿತ್ರದೊಳಗೆ ಅಡಗಿಸಿದರು. ಜರಡಿಯೂ ಕಲಿಯುತ್ತ ಹೋಯಿತು. ಇಂದು ಬಹುಪಾಲು ಕಸ ನಮ್ಮ ಕಣ್ಣಿಗೆ ಬೀಳದಿರುವುದು ಇಂಥ ಜರಡಿಗಳಿಂದಲೇ. ಆದರೆ ಜರಡಿಗೆ ಎರಡು ಬಗೆಯ ತಪ್ಪುಗಳುಂಟು. ಹೊಟ್ಟು ಉಳಿದರೆ ಆರಿಸಿ ಎಸೆಯಬಹುದು. ಕಾಳೇ ಹೊಟ್ಟಿನೊಡನೆ ಹೊರಗೆ ಹೋದರೆ? ಸಂದರ್ಶನದ ಕರೆ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದು, ಅಭ್ಯರ್ಥಿ ಅದನ್ನು ನೋಡುವ ವೇಳೆಗೆ ದಿನ ಕಳೆದುಹೋಗಿರಬಹುದು. ಬೇಡದ ಪತ್ರದಿಂದಾಗುವ ದೊಡ್ಡ ನಷ್ಟ ಇದು: ಬೇಕಾದ ಪತ್ರದ ಮೇಲಿನ ಭರವಸೆಯೂ ಹೋಗುತ್ತದೆ.

ಹಾಗಾದರೆ ಇ-ಮೇಲಿಗೂ ಅಂಚೆಚೀಟಿ ಹಚ್ಚಬಾರದೇಕೆ? ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನಾವೋರ್ ಎಂಬ ವಿದ್ವಾಂಸರು 1992ರಲ್ಲಿಯೇ ಇದನ್ನು ಸೂಚಿಸಿದ್ದರು. ಹಣದ ಬದಲು, ಪ್ರತಿ ಪತ್ರಕ್ಕೂ ಕಳುಹಿಸುವ ಕಂಪ್ಯೂಟರು ಒಂದು ಕಠಿಣ ಲೆಕ್ಕವನ್ನು ಬಿಡಿಸಬೇಕು. ಒಂದು ಪತ್ರಕ್ಕೆ ಅದು ಹೊರೆಯಲ್ಲ, ಕೋಟಿಗೆ ಹೊರಲಾರದ ಹೊರೆ. ಸೊಗಸಾದ ಉಪಾಯ. ಆದರೆ ಕಳ್ಳನು ಪರರ ಕಂಪ್ಯೂಟರಿನಿಂದ ಕಳುಹಿಸುವಾಗ ಲೆಕ್ಕದ ಶ್ರಮವೂ ಪರರದೇ. ಸಾವಿರಾರು ಸದಸ್ಯರಿಗೆ ಬರೆಯಬೇಕಾದ ಪ್ರಾಮಾಣಿಕ ಸಂಘಕ್ಕೇ ಭಾರವೆಲ್ಲ. 2004ರ ಜನವರಿಯಲ್ಲಿ ದಾವೋಸ್ ನಗರದಲ್ಲಿ ಬಿಲ್ ಗೇಟ್ಸ್, ಎರಡು ವರ್ಷಗಳಲ್ಲಿ ಸ್ಪ್ಯಾಮ್ ಪಿಡುಗು ಪರಿಹಾರವಾದೀತೆಂದು ಭವಿಷ್ಯ ನುಡಿದರು. ಅದು ನಿಜವಾಗಲಿಲ್ಲ. 2008ರ ನವೆಂಬರಿನಲ್ಲಿ ಅಮೆರಿಕದ ಮೆಕೋಲೊ ಎಂಬ ಒಂದು ಸಂಸ್ಥೆಯ ಸಂಪರ್ಕ ಕಡಿದಾಗ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಕೆಲವೇ ತಿಂಗಳಲ್ಲಿ ಮತ್ತೆ ಏರಿತು.

ಹೀಗಿರುವಾಗ ನಮ್ಮ ಕೈಯಲ್ಲಿರುವುದೇನು? ಆ ಹಳೆಯ ಬೇರಿಂಗ್ ಕಾಗದಕ್ಕೆ ಒಂದು ಗುಣವಿತ್ತು. ‘ನನಗೆ ಬೇಡ’ ಎಂದು ಹಣ ತೆರದೆ ಅದನ್ನು ಹಿಂದಕ್ಕೆ ಕಳುಹಿಸಬಹುದಾಗಿತ್ತು. ಇಲ್ಲಿ ಹಿಂದಕ್ಕೆ ಕಳುಹಿಸುವ ಮಾತಿಲ್ಲ. ‘ಇನ್ನು ಬರೆಯಬೇಡಿ’ ಎಂದು ಅಪರಿಚಿತನಿಗೆ ಉತ್ತರಿಸಿದರೆ, ಈ ವಿಳಾಸದಲ್ಲಿ ಜನವಿದ್ದಾರೆಂದು ನಾವೇ ತಿಳಿಸಿದಂತಾಗುತ್ತದೆ. ಪರಿಚಿತ ಅಂಗಡಿಯವರ ಪಟ್ಟಿಯಿಂದ ಹೆಸರು ತೆಗೆಸಬಹುದು. ಅಪರಿಚಿತನಿಗೆ ಮೌನವೇ ತಕ್ಕ ಉತ್ತರ. ಕಾಳು ಸೇರಿಹೋಗಿದೆಯೇ ಎಂದು ವಾರಕ್ಕೊಮ್ಮೆ ಸ್ಪ್ಯಾಮ್ ಪೆಟ್ಟಿಗೆಯನ್ನು ನೋಡುವುದು ಒಳ್ಳೆಯದು. ಹಣ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930 ಸಂಖ್ಯೆಗೆ ದೂರು ಕೊಡಬೇಕು. ಮನೆಯ ಹಿರಿಯರೊಡನೆ ಈ ವಿಷಯವನ್ನು ಬೈಯದೆ, ನಗದೆ, ಒಮ್ಮೆ ಕುಳಿತು ಮಾತನಾಡಬೇಕು. ಕೋಟಿಗೊಬ್ಬ ಸಿಕ್ಕರೂ ಸಾಕೆಂದು ಕಾದಿರುವವನಿಗೆ, ಆ ಒಬ್ಬ ನಮ್ಮ ಮನೆಯಲ್ಲಿ ಸಿಗದಂತೆ ನೋಡಿಕೊಂಡರೆ, ನಮ್ಮ ಪಾಲಿನ ಕೆಲಸ ಮಾಡಿದಂತಾಯಿತು.