ನೀರಾ ಶೀತಲೀಕರಣ: ವ್ಯವಸ್ಥೆ ಮತ್ತು ವೆಚ್ಚದ ಲೆಕ್ಕ

ಅರಸೀಕೆರೆ ತಾಲ್ಲೂಕಿನ ಗಂಡಸಿ ಸುತ್ತಮುತ್ತ ತೆಂಗು ಪ್ರಮುಖ ಬೆಳೆ. ಕೊಬ್ಬರಿ ಧಾರಣೆ ಕುಸಿದಾಗಲೆಲ್ಲ ಪರ್ಯಾಯ ಉತ್ಪನ್ನಗಳ ವಿಚಾರ ಮುನ್ನೆಲೆಗೆ ಬರುತ್ತದೆ. ಅವುಗಳಲ್ಲಿ ನೀರಾ ಒಂದು. ಈ ಉದ್ಯಮದ ಲಾಭ-ನಷ್ಟ ನಿರ್ಧಾರವಾಗುವುದು ಶೀತಲೀಕರಣದಲ್ಲಿ.

ತಣಿಸುವುದೇಕೆ?

ಅರಳದ ಹೊಂಬಾಳೆಯಿಂದ ಇಳಿಯುವ ಸಿಹಿ ರಸ ಸಾಮಾನ್ಯ ಉಷ್ಣಾಂಶದಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿಯಲಾರಂಭಿಸುತ್ತದೆ. ಬಿಯರ್ ತಯಾರಿಕೆಯಲ್ಲಿ ಕುದಿಸಿದ ಮಾಲ್ಟ್ ರಸವನ್ನು ಶೀಘ್ರವಾಗಿ ತಣಿಸುವುದೂ ಅನಪೇಕ್ಷಿತ ಸೂಕ್ಷ್ಮಾಣುಗಳನ್ನು ತಡೆಯಲೆಂದೇ. ಆದರೆ ಅಲ್ಲಿ ನಂತರ ಈಸ್ಟ್ ಬೆರೆಸಿ ಹುದುಗಿಸಲಾಗುತ್ತದೆ. ಇಲ್ಲಿ ಹುದುಗುವಿಕೆಯೇ ಆಗಕೂಡದು. ಹುದುಗಿದ ನೀರಾ ಹೆಂಡವಾಗುತ್ತದೆ. ಆಗ ಕೆಡುವುದು ಸರಕು ಮಾತ್ರವಲ್ಲ, ಅದರ ಕಾನೂನುಬದ್ಧ ಸ್ವರೂಪವೂ ಬದಲಾಗುತ್ತದೆ. ಆದ್ದರಿಂದ ಅಬಕಾರಿ ಇಲಾಖೆಯ ಪರವಾನಗಿ ಪಡೆದ ನಂತರವೇ ಬಂಡವಾಳ ಹೂಡುವುದು ವಿವೇಕ.

ವ್ಯವಸ್ಥೆ

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಮರದ ಮೇಲೆಯೇ ರಸವನ್ನು ತಣ್ಣಗಿಡುವ ಉಪಕರಣವನ್ನು ರೂಪಿಸಿದೆ. ಶಾಖನಿರೋಧಕ ಹೊದಿಕೆಯುಳ್ಳ ಇದನ್ನು ಹೊಂಬಾಳೆಗೆ ಅಳವಡಿಸಿ, ಒಳಗೆ ಮಂಜುಗಡ್ಡೆ ತುಂಬಲಾಗುತ್ತದೆ. ಮಡಕೆಗೆ ಸುಣ್ಣ ಬಳಿಯುವ ಹಳೆಯ ಪದ್ಧತಿಯ ಅಗತ್ಯ ಇದರಲ್ಲಿಲ್ಲ. ಇಳಿಸಿದ ರಸವನ್ನು ಶೀತಪೆಟ್ಟಿಗೆಯಲ್ಲಿ ಸಾಗಿಸಿ, ಸಂಗ್ರಹಣಾ ಕೇಂದ್ರದಲ್ಲಿ ಶೋಧಿಸಿ, ಪುನಃ ಶೀತದಲ್ಲಿಯೇ ಇರಿಸಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಹಿಂದಿನ ವೆಚ್ಚವೆಲ್ಲ ವ್ಯರ್ಥ.

ಮಂಜುಗಡ್ಡೆಯ ಲೆಕ್ಕ

ಒಂದು ಕಿಲೋ ಮಂಜುಗಡ್ಡೆ ಕರಗುವಾಗ 80 ಕಿಲೋಕ್ಯಾಲರಿ ಶಾಖವನ್ನು ಹೀರುತ್ತದೆ. 100 ಲೀಟರ್ ರಸವನ್ನು 28 ಡಿಗ್ರಿಯಿಂದ 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಲು ಸುಮಾರು 2,400 ಕಿಲೋಕ್ಯಾಲರಿ ತೆಗೆಯಬೇಕು. ಅಂದರೆ 30 ಕಿಲೋ ಮಂಜುಗಡ್ಡೆ. ಹೊರಗಿನ ಶಾಖದಿಂದಾಗುವ ನಷ್ಟಕ್ಕೆ ಅರ್ಧದಷ್ಟು ಸೇರಿಸಿಕೊಂಡರೆ 45 ಕಿಲೋ, ಲೀಟರಿಗೆ 450 ಗ್ರಾಂ. ಇದರಲ್ಲಿ 10 ಲೀಟರ್ ಕೆಟ್ಟರೆ ಉಳಿದ 90 ಲೀಟರೇ ಪೂರ್ಣ ವೆಚ್ಚವನ್ನು ಹೊರಬೇಕು. ಮಾರುವ ಲೀಟರಿಗೆ 500 ಗ್ರಾಂ ಬೀಳುತ್ತದೆ. ಇಳಿಸುವ ಕೂಲಿ, ಸಾಗಾಣಿಕೆಗಳೂ ಹಾಗೆಯೇ ಏರುತ್ತವೆ.

ಲೆಕ್ಕಪತ್ರ

ಉಪಕರಣ, ಶೀತಪೆಟ್ಟಿಗೆ, ಶೈತ್ಯಾಗಾರಗಳು ಬಂಡವಾಳ ವೆಚ್ಚ. ಅವುಗಳ ಮೇಲೆ ಸವಕಳಿ ಕಳೆಯಬೇಕು. ಮಂಜುಗಡ್ಡೆ, ವಿದ್ಯುತ್, ಕೂಲಿ ದೈನಂದಿನ ವೆಚ್ಚಗಳು. ಇಳಿಸಿದ, ಮಾರಿದ, ಕೆಟ್ಟ ಪ್ರಮಾಣಗಳನ್ನು ಪ್ರತಿದಿನ ಪ್ರತ್ಯೇಕವಾಗಿ ಬರೆದಿಡಬೇಕು. ತಪಾಸಣೆಯ ವೇಳೆ ದಾಸ್ತಾನಿಗೆ ಆಧಾರವೂ, ಮಾರಾಟ ದರ ನಿಗದಿಗೆ ತಳಹದಿಯೂ ಅದೇ ಪುಸ್ತಕ.