ಬೇಸಾಯಗಾರನ ಜೇಬಿನ ಚಾಕು

ನಮ್ಮ ಸೀಮೆಯ ಕುರುಬರ ಉಡಿದಾರದಲ್ಲಿ ಹಿಂದೆ ಒಂದು ಸಣ್ಣ ಬಳೆಯು ತೂಗಾಡುತ್ತಿದ್ದಿತು. ಮುಳ್ಳು ಕೀಳುವ ಚಿಮುಟ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ, ಮೊನೆಯಾದ ಸೂಜಿ ಇವುಗಳನ್ನು ಅದರಲ್ಲಿ ಪೋಣಿಸಿಕೊಳ್ಳುತ್ತಿದ್ದರು. ಮಲೆನಾಡಿನ ತೋಟದವನು ಸೊಂಟದ ಹಿಂದೆ ಕತ್ತಿಕೊಕ್ಕೆಯನ್ನು ಕಟ್ಟಿಕೊಳ್ಳದೆ ತೋಟಕ್ಕೆ ಇಳಿಯುತ್ತಿರಲಿಲ್ಲ. ಎಲೆಯಡಿಕೆಯ ಸಂಚಿಯಲ್ಲಿ ಅಡಕತ್ತರಿಯಿಲ್ಲದ ಯಜಮಾನರೂ ವಿರಳರಾಗಿದ್ದರು. ಆದುದರಿಂದ ಚಾಕು, ಇಕ್ಕಳ, ತಿರುಪುಳಿ, ದಬ್ಬಳ ಮೊದಲಾದುವನ್ನು ಒಂದೇ ಹಿಡಿಯೊಳಗೆ ಮಡಿಸಿಟ್ಟಿರುವ ಈಗಿನ ಜೇಬಿನ ಉಪಕರಣವನ್ನು ಪಟ್ಟಣದವರ ಸೊಗಸೆಂದು ತಳ್ಳಿಹಾಕಬೇಕಾದ ಕಾರಣವಿಲ್ಲ. ಆದರೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಥಳಥಳಿಸುವುದೆಲ್ಲವೂ ಗದ್ದೆಯ ಬದುವಿನ ಮೇಲೆ ಕೆಲಸಕ್ಕೆ ಬರುವುದಿಲ್ಲ. ಇದನ್ನು ನಾನು ಅರಿತುಕೊಂಡ ಬಗೆಯನ್ನು ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಮುಂಗಾರಿನ ಒಂದು ಸಂಜೆ, ಹಿಡುವಳಿದಾರರೊಬ್ಬರೊಡನೆ ನಾಟಿಯನ್ನು ನೋಡಿಕೊಂಡು ಹಿಂದಿರುಗುತ್ತಿದ್ದೆನು. ಮುಂದೆ ಹೋಗುತ್ತಿದ್ದ ಗಾಡಿಯ ಬಲಗಡೆಯ ಎತ್ತು ಕೆಸರಿನಲ್ಲಿ ಕಾಲು ಜಾರಿ ಕಾಲುವೆಗೆ ಬಿದ್ದಿತು. ನೊಗವು ಮೇಲೆಯೇ ನಿಂತುದರಿಂದ ಜತ್ತಿಗೆಯ ನೈಲಾನು ಹಗ್ಗವು ಅದರ ಕೊರಳನ್ನು ಬಿಗಿಯಿತು. ನನ್ನ ಜೇಬಿನಲ್ಲಿ ಹದಿಮೂರು ಬಗೆಯ ಕೆಲಸ ಮಾಡುವುದೆಂದು ಹೆಮ್ಮೆಪಟ್ಟು ಕೊಂಡಿದ್ದ ಒಂದು ಉಪಕರಣವಿದ್ದಿತು. ಎಡಗೈಯಿಂದ ಹಗ್ಗವನ್ನು ಹಿಡಿದೆನು; ಬಲಗೈಯೊಂದರಿಂದಲೇ ಅದನ್ನು ತೆರೆಯುವುದು ಸಾಧ್ಯವಾಗಲಿಲ್ಲ. ಹಗ್ಗವನ್ನು ಬಿಟ್ಟು ಎರಡೂ ಕೈಗಳಿಂದ ಪ್ರಯತ್ನಿಸಿದೆನು. ಒದ್ದೆಯಾದ ಉಗುರು ಅಲಗಿನ ಗೀರಿನಿಂದ ಜಾರಿತು. ತಿಂಗಳುಗಟ್ಟಲೆ ಎಣ್ಣೆ ಕಾಣದ ಕೀಲು ತುಕ್ಕಿನಿಂದ ಕಚ್ಚಿಕೊಂಡಿದ್ದಿತು. ಮೊದಲು ಹೊರಬಂದುದು ಡಬ್ಬಿ ತೆರೆಯುವ ಕೊಕ್ಕೆ! ಎತ್ತಿನ ನಾಲಗೆಯು ಹೊರಚಾಚಿ ಕಣ್ಣುಗುಡ್ಡೆಗಳು ಮೇಲಕ್ಕೆ ತಿರುಗುತ್ತಿದ್ದುವು. ಅಷ್ಟರಲ್ಲಿ ಪಕ್ಕದ ಗದ್ದೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಆಳು ಓಡಿಬಂದು ಕುಡುಗೋಲಿನಿಂದ ಒಂದೇ ಎಳೆತಕ್ಕೆ ಹಗ್ಗವನ್ನು ಕತ್ತರಿಸಿದನು. ಎತ್ತು ಬಹಳ ಹೊತ್ತು ಕೆಸರಿನಲ್ಲಿ ಮಲಗಿದ್ದು ತರುವಾಯ ಎದ್ದಿತು. ಆಳು ನನ್ನ ಕೈಯಲ್ಲಿದ್ದ ವಸ್ತುವನ್ನು ಒಮ್ಮೆ ನೋಡಿದನು, ಏನನ್ನೂ ಹೇಳಲಿಲ್ಲ.

ಈ ಉಪಕರಣಗಳು ಯಾರ ಕೆಲಸಕ್ಕಾಗಿ ಹುಟ್ಟಿದುವೆಂಬುದನ್ನು ತಿಳಿದರೆ ಆರಿಸುವುದು ಸುಲಭವಾಗುತ್ತದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಎಂಬಾತನು ೧೮೯೧ರಲ್ಲಿ ಆ ದೇಶದ ಸೈನಿಕರಿಗೆ ಚಾಕುಗಳನ್ನು ಒದಗಿಸಿದನು. ಬಂದೂಕಿನ ತಿರುಪುಗಳನ್ನು ಬಿಚ್ಚುವುದಕ್ಕೂ ಆಹಾರದ ಡಬ್ಬಿಗಳನ್ನು ತೆರೆಯುವುದಕ್ಕೂ ಅವುಗಳಲ್ಲಿ ಸಾಧನಗಳಿದ್ದುವು. ೧೮೯೭ರ ಅಧಿಕಾರಿಗಳ ಚಾಕುವಿಗೆ ದ್ರಾಕ್ಷಾರಸದ ಬುಡ್ಡಿಯ ಬಿರಡೆ ಕೀಳುವ ಸುರುಳಿಯೂ ಸೇರಿತು. ನಮ್ಮ ಒಕ್ಕಲಿಗನಿಗೆ ಆ ಸುರುಳಿಯೇಕೆಂದು ನಗಬಹುದು. ಆದರೆ ಮಳೆಯಲ್ಲಿ ನೆನೆದು ಬಿಗಿದ ಹಗ್ಗದ ಗಂಟನ್ನು ಸಡಿಲಿಸುವುದಕ್ಕೆ ಅದಕ್ಕಿಂತ ಉತ್ತಮವಾದ ಸಾಧನವನ್ನು ನಾನು ಕಂಡಿಲ್ಲ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ ಎಂಬಾತನು ೧೮೯೦ರಲ್ಲಿ ತಯಾರಿಸಿದುದು ಒಂದೇ ಅಲಗಿನ, ಮರದ ಹಿಡಿಯ ಸಾದಾ ಚಾಕು. ಅಲ್ಲಿಯ ರೈತರು ಅದನ್ನು ಬಹಳವಾಗಿ ಮೆಚ್ಚಿದರು. ತೆರೆದ ಅಲಗು ಮಡಿಸಿಕೊಳ್ಳದಂತೆ ತಡೆಯುವ ತಿರುಗುಬಳೆಯು ಅದಕ್ಕೆ ಬಂದುದು ೧೯೫೫ರಲ್ಲಿ. ಇಕ್ಕಳವನ್ನೇ ಪ್ರಧಾನವಾಗಿಟ್ಟುಕೊಂಡ ಉಪಕರಣವನ್ನು ಅಮೆರಿಕದ ಟಿಮ್ ಲೆದರ್‌ಮನ್ ಎಂಬಾತನು ೧೯೮೩ರಲ್ಲಿ ಮಾರಾಟಕ್ಕೆ ತಂದನು. ೧೯೭೫ರಲ್ಲಿ ಹಳೆಯ ಮೋಟಾರಿನಲ್ಲಿ ಯೂರೋಪನ್ನು ಸುತ್ತುತ್ತಿದ್ದಾಗ, ಜೇಬಿನ ಚಾಕುವಿನಲ್ಲಿ ಒಂದು ಇಕ್ಕಳವಿಲ್ಲವಲ್ಲಾ ಎಂದು ಆತನಿಗೆ ತೋರಿತಂತೆ. ಹೀಗೆ ಒಂದು ಸೈನಿಕನದು, ಒಂದು ರೈತನದು, ಒಂದು ಯಂತ್ರ ಕೆಟ್ಟು ದಾರಿಯಲ್ಲಿ ನಿಂತವನದು.

ಕೊಳ್ಳುವವರು ಮೊದಲು ಪರೀಕ್ಷಿಸತಕ್ಕದ್ದು ಅಲಗು ಒಂದೇ ಕೈಯಿಂದ ತೆರೆದುಕೊಳ್ಳುವುದೇ ಎಂಬುದನ್ನು. ದನದ ಹಗ್ಗ, ಬಳ್ಳಿ, ಗೋಣಿಯ ಬಾಯಿ, ಇವುಗಳಲ್ಲಿ ಯಾವುದನ್ನು ಕೊಯ್ಯುವಾಗಲೂ ಇನ್ನೊಂದು ಕೈ ಬಿಡುವಾಗಿರುವುದಿಲ್ಲ. ಅಂಗಡಿಯಲ್ಲಿಯೇ ಬೆರಳುಗಳನ್ನು ನೀರಿನಲ್ಲಿ ಅದ್ದಿ ತೆರೆದು ನೋಡಬೇಕು. ವ್ಯಾಪಾರಿಯು ಮುಖ ಸಿಂಡರಿಸಿದರೂ ಚಿಂತೆಯಿಲ್ಲ. ಇಕ್ಕಳವಿರುವ ಉಪಕರಣವಾದರೆ ಅಲಗು ಹಿಡಿಯ ಹೊರಮಗ್ಗುಲಲ್ಲಿರುವುದನ್ನೇ ಆರಿಸತಕ್ಕದ್ದು. ಒಳಗಿದ್ದರೆ ಚಾಕು ಬೇಕಾದಾಗಲೆಲ್ಲ ಇಕ್ಕಳವನ್ನೂ ಬಿಚ್ಚಬೇಕಾಗುವುದು.

ಎರಡನೆಯದು ಅಗುಳಿ. ಕೇವಲ ಸ್ಪ್ರಿಂಗಿನ ಬಿಗುವಿನಿಂದ ನಿಲ್ಲುವ ಅಲಗು ಎಳೆದು ಕೊಯ್ಯುವಾಗ ಭದ್ರವಾಗಿಯೇ ಇರುತ್ತದೆ. ಮೊನೆಯನ್ನು ಒತ್ತಿ ಚುಚ್ಚಿದಾಗ ಮಾತ್ರ ತಟ್ಟನೆ ಮಡಿಸಿಕೊಂಡು ಬೆರಳನ್ನು ಕೊಯ್ಯುತ್ತದೆ. ಆದುದರಿಂದ ಅಲಗನ್ನು ತಡೆದು ನಿಲ್ಲಿಸುವ ಅಗುಳಿ ಅವಶ್ಯ. ಅಲಗಿನ ಉದ್ದ ೩ ಅಂಗುಲವಿದ್ದರೆ ಸಾಕು. ಇಕ್ಕಳವುಳ್ಳ ದೊಡ್ಡ ಉಪಕರಣಗಳು ೨೦೦ರಿಂದ ೨೫೦ ಗ್ರಾಂ ತೂಗುವುದುಂಟು. ಅಂಗಿಯ ಜೇಬಿನಲ್ಲಿಟ್ಟು ಬಾವಿಗೆ ಬಗ್ಗಿದವರು ಅದನ್ನು ನೀರಿಗೆ ಅರ್ಪಿಸಿದಂತೆಯೇ ಸರಿ. ಸೊಂಟದ ಪಟ್ಟಿಗೆ ಚೀಲವನ್ನು ಹೊಲಿಸಿಕೊಳ್ಳುವುದು ಮೇಲು.

ಉಕ್ಕಿನ ವಿಷಯದಲ್ಲಿ ಎರಡು ಪಂಗಡಗಳುಂಟು. ಸಾದಾ ಇಂಗಾಲದ ಉಕ್ಕು ಮನೆಯ ಸಾಣೆಕಲ್ಲಿನ ಮೇಲೆ ಕ್ಷಣದಲ್ಲಿ ಹರಿತವಾಗುತ್ತದೆ, ಆದರೆ ಮಳೆಗಾಲದಲ್ಲಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ಹಸಿ ಅಡಿಕೆಯನ್ನು ಸೀಳಿದರೆ ಅದರ ಒಗರು ಕಬ್ಬಿಣದೊಡನೆ ಕೂಡಿ ಅಲಗು ಕಪ್ಪಾಗುವುದನ್ನು ತೋಟದವರೆಲ್ಲರೂ ಕಂಡಿರುವರು. ಅದರಿಂದ ಅಲಗಿಗೆ ಹೆಚ್ಚಿನ ಹಾನಿಯಿಲ್ಲ. ಕ್ರೋಮಿಯಮ್ ಬೆರೆತ ತುಕ್ಕುನಿರೋಧಕ ಉಕ್ಕು ಮಲೆನಾಡಿಗೂ ಕರಾವಳಿಗೂ ಒಪ್ಪುವುದು. ಬಯಲುಸೀಮೆಯವರಿಗೆ ಸಾದಾ ಉಕ್ಕೇ ಸಾಕೆಂದು ನನ್ನ ಅಭಿಪ್ರಾಯ. ಅತಿ ಗಡುಸಾದ ಬೆಲೆಬಾಳುವ ಉಕ್ಕುಗಳನ್ನು ಜಾಹೀರಾತು ನೋಡಿ ಕೊಳ್ಳಬೇಡಿರಿ. ಅವು ಮೊಂಡಾದ ಮೇಲೆ ನಮ್ಮ ಹಳ್ಳಿಯ ಕಲ್ಲಿಗೆ ಬಗ್ಗುವುದಿಲ್ಲ.

ಇಕ್ಕಳವು ಬೇಲಿಯ ತಂತಿಗೂ, ಸಿಂಪರಣೆಯ ಪಂಪಿನ ಕಟ್ಟಿಕೊಂಡ ಮೂತಿಯನ್ನು ಬಿಚ್ಚುವುದಕ್ಕೂ, ದನದ ಗೊರಸಿಗೆ ನೆಟ್ಟ ಮೊಳೆಯನ್ನು ಕೀಳುವುದಕ್ಕೂ ಬೇಕು. ಕಣ್ಣುಳ್ಳ ದಬ್ಬಳವಿದ್ದರೆ ಹರಿದ ಗೋಣಿಯನ್ನೂ ತೊಗಲಿನ ಪಟ್ಟಿಯನ್ನೂ ನಿಂತಲ್ಲಿಯೇ ಹೊಲಿಯಬಹುದು. ಆದರೆ ಹನಿ ನೀರಾವರಿಯ ಕೊಳವೆಗೆ ಅದರಿಂದ ತೂತು ಮಾಡಬಾರದು. ತೂತು ಹರಿದು ಸೋರುವುದು. ಉಳಿದ ಕತ್ತರಿ, ಅರ, ಅಳತೆಗೋಲುಗಳು ಇದ್ದರೆ ಇರಲಿ.

ಇನ್ನು ಈ ಉಪಕರಣದಿಂದ ಮಾಡಬಾರದ ಕೆಲಸಗಳು. ಇವುಗಳನ್ನು ಯಜಮಾನರು ತಮ್ಮ ಮಕ್ಕಳಿಗೂ ಆಳುಗಳಿಗೂ ವಿಶದವಾಗಿ ತಿಳಿಸತಕ್ಕದ್ದು. ಇದರ ಹಿಡಿಯು ಬರಿಯ ಲೋಹ. ಮೂರು ಫೇಸಿನ ಪಂಪುಸೆಟ್ಟಿನ ವಿದ್ಯುತ್ತು ಸುಮಾರು ೪೧೫ ವೋಲ್ಟು. ಒದ್ದೆ ನೆಲದ ಮೇಲೆ ನಿಂತು ಇದರಿಂದ ಫ್ಯೂಜನ್ನು ಮುಟ್ಟಿದವನು ಬದುಕುವುದು ಕಷ್ಟ. ಜೇಬಿನಲ್ಲಿ ತಿರುಪುಳಿಯಿರುವುದೇ ಈ ಸಾಹಸಕ್ಕೆ ಪ್ರೇರಣೆಯಾಗುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಕೀಟನಾಶಕದ ಪೊಟ್ಟಣವನ್ನು ಜೇಬಿನ ಚಾಕುವಿನಿಂದ ಕೊಯ್ದು, ಮಧ್ಯಾಹ್ನ ಅದನ್ನೇ ಪಂಚೆಗೆ ಒರಸಿಕೊಂಡು ಮಾವಿನಹಣ್ಣನ್ನು ಹೆಚ್ಚಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೊಟ್ಟಣಕ್ಕೆ ಬೇರೊಂದು ಹಳೆಯ ಅಲಗನ್ನು ಔಷಧದ ಪೆಟ್ಟಿಗೆಯಲ್ಲಿಯೇ ಇಡತಕ್ಕದ್ದು.

ಕಸಿ ಕಟ್ಟುವುದಕ್ಕೂ ಇದು ಬೇಡ. ಕಸಿಯ ಚಾಕುವಿಗೆ ಒಂದೇ ಮಗ್ಗುಲಿನ ಓರೆ ಇರಬೇಕು. ಅಲ್ಲದೆ ನಿಂಬೆ ಕಿತ್ತಳೆಗಳ ಎಕ್ಸೋಕಾರ್ಟಿಸ್ ರೋಗವು ಕಸಿಯ ಅಲಗಿನಿಂದಲೇ ಗಿಡದಿಂದ ಗಿಡಕ್ಕೆ ಹರಡುತ್ತದೆ. ಅಲಗನ್ನು ಬೆಂಕಿಗೆ ಹಿಡಿದರೂ ಅದು ನಾಶವಾಗುವುದೆಂದು ನಂಬುವಂತಿಲ್ಲ. ಕಬ್ಬಿನ ಕೂಳೆಯನ್ನು ಕುಂಠಿತಗೊಳಿಸುವ ರೋಗವೂ ಕೊಯ್ಯುವ ಕತ್ತಿಯ ಮೂಲಕ ಹಬ್ಬುವಂಥದು. ಪೈರು ಗಿಡ್ಡವಾಗುವುದಲ್ಲದೆ ಹೊರಗೆ ಬೇರಾವ ಗುರುತೂ ಸುಲಭವಾಗಿ ಕಾಣದಿರುವುದರಿಂದ ಭೂಮಿಯ ಸಾರ ಕುಂದಿತೆಂದೇ ರೈತರು ಎಣಿಸುವರು. ಬಿತ್ತನೆಯ ತುಂಡುಗಳನ್ನು ಕಡಿಯುವ ಅಲಗನ್ನು ಆಗಾಗ್ಗೆ ತೊಳೆಯಲೇಬೇಕು. ಶೇಕಡಾ ೫ರ ಸೋಡಿಯಮ್ ಹೈಪೋಕ್ಲೋರೈಟು ದ್ರಾವಣದ ಒಂದು ಭಾಗಕ್ಕೆ ನಾಲ್ಕು ಭಾಗ ನೀರು ಬೆರೆಸಿದರೆ ಶೇಕಡಾ ೧ರ ದ್ರಾವಣವಾಗುವುದು. ಅದು ಉಕ್ಕನ್ನು ತಿನ್ನುವುದರಿಂದ ಕೆಲಸ ಮುಗಿದೊಡನೆ ಅಲಗನ್ನು ನೀರಿನಲ್ಲಿ ತೊಳೆದು, ಒರಸಿ, ಎಣ್ಣೆ ಸವರಬೇಕು.

ತಾಲ್ಲೂಕು ಕಚೇರಿಗೂ ನ್ಯಾಯಾಲಯಕ್ಕೂ ಹೋಗುವ ದಿನ ಇದನ್ನು ಮನೆಯಲ್ಲಿ ಬಿಡುವುದು ಲೇಸು. ವಿಮಾನದಲ್ಲಿ ಕೈಚೀಲದೊಳಗೆ ಇದನ್ನು ಒಯ್ಯಗೊಡುವುದಿಲ್ಲ.

ನನ್ನ ಈಗಿನ ಚಾಕುವಿಗೆ ಒಂದೇ ಅಲಗು, ಒಂದು ಅಗುಳಿ, ಹಿಡಿಯ ತುದಿಯಲ್ಲಿ ಒಂದು ತೂತು. ಆ ತೂತಿಗೆ ದಾರ ಕಟ್ಟಿ ಸೊಂಟದ ಪಟ್ಟಿಗೆ ಸಿಕ್ಕಿಸಿರುತ್ತೇನೆ. ಇಕ್ಕಳದ ಉಪಕರಣವನ್ನು ಬೇರೆಯಾಗಿ ಬೈಸಿಕಲ್ಲಿನ ಚೀಲದಲ್ಲಿಟ್ಟಿದ್ದೇನೆ. ಪ್ರತಿ ಭಾನುವಾರ ಎರಡಕ್ಕೂ ಕೀಲಿನಲ್ಲಿ ಒಂದೊಂದು ತೊಟ್ಟು ಯಂತ್ರದ ಎಣ್ಣೆಯನ್ನು ಬಿಡುತ್ತೇನೆ. ಕೊಬ್ಬರಿ ಎಣ್ಣೆಯನ್ನು ಬಿಡಬಾರದು. ಅದು ಮಾಗಿಯ ಚಳಿಯಲ್ಲಿ ಹೆಪ್ಪುಗಟ್ಟಿ, ಬೇಕಾದಾಗ ಅಲಗನ್ನು ಹಿಡಿದುಕೊಳ್ಳುತ್ತದೆ.